ಕಸದ ಫೋಟೋಗೆ ಮೂರು ಕ್ಯಾಮೆರಾ: ನಲ್ಲಿಯಡಿ ತೊಳೆಯಬಹುದಾದದ್ದೇ ನನಗೆ ಸರಿಹೋಯಿತು

ಮೊದಲೇ ಹೇಳಿಬಿಡುತ್ತೇನೆ. ಕಸದ ರಾಶಿ, ಕಸದ ಲಾರಿ, ಜನ ಬಿಸಾಡಿದ ಸಾಮಾನು, ಇವುಗಳ ಫೋಟೋ ತೆಗೆಯುವ ಆಸೆ ನಿಮಗಿದ್ದರೆ ನೀರು, ಧೂಳು ಒಳಗೆ ಹೋಗದ ಸಣ್ಣ ಕ್ಯಾಮೆರಾ ತೆಗೆದುಕೊಳ್ಳಿ. ನನ್ನ ಹತ್ತಿರ ಈಗ ಇರುವುದು ಒಲಿಂಪಸ್ ಟಿಜಿ-6. ಸೆಕೆಂಡ್ ಹ್ಯಾಂಡ್, 26 ಸಾವಿರ ಕೊಟ್ಟೆ. ಅದಕ್ಕೆ ಮುಂಚೆ ಎರಡು ಮಳೆಗಾಲ ಒಂದು ಡಿಎಸ್‌ಎಲ್‌ಆರ್, ಅಂದರೆ ಲೆನ್ಸ್ ಬದಲಾಯಿಸಬಹುದಾದ ದೊಡ್ಡ ಕ್ಯಾಮೆರಾ, ಹಿಡಿದು ಓಡಾಡಿದೆ. ನಡುವೆ ಕೆಲವು ತಿಂಗಳು ಮೊಬೈಲಿನಲ್ಲೇ ತೆಗೆದೆ. ಮೂರನ್ನೂ ಒಂದೇ ಜಾಗಗಳಲ್ಲಿ ಬಳಸಿದ್ದೇನೆ.

ನಾನಿರುವುದು ಮಂಗಳೂರಿನಲ್ಲಿ. 2019ರ ಆಗಸ್ಟ್‌ನ ಮಳೆಗೆ ನಮ್ಮ ನಗರದ ಕಸ ಸುರಿಯುವ ಪಚ್ಚನಾಡಿಯ ಕಸದ ಗುಡ್ಡ ಜರಿದು ಕೆಳಗಿನ ಮಂದಾರ ಎಂಬ ಊರಿಗೆ ಇಳಿಯಿತಲ್ವಾ, ಆಗಲೇ ನಾನು ಕಸವನ್ನು ಸರಿಯಾಗಿ ನೋಡಿದ್ದು. ತೋಟಗಳು, ಮನೆಗಳು ಅದರಡಿ ಹೋದವು. ಅಡಿಕೆ ಮರಗಳ ನಡುವೆ ಪ್ಲಾಸ್ಟಿಕ್ ತುಂಬಿ ನಿಂತದ್ದನ್ನು ನೋಡಿ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದರಲ್ಲಿ ನಮ್ಮ ಮನೆಯ ಕಸವೂ ಇತ್ತು. ಆಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಕ್ಯಾಮೆರಾ ಹಿಡಿದು ಹೊರಡುವುದು ಅಭ್ಯಾಸವಾಯಿತು. ವಾಮಂಜೂರು ರಸ್ತೆಯಲ್ಲಿ ಕಸದ ಗಾಡಿಗಳು, ದಕ್ಕೆಯಲ್ಲಿ (ಮೀನು ದೋಣಿಗಳ ಬಂದರು) ಹರಿದ ಬಲೆಗಳು, ಹಳೆ ಮನೆ ಕೆಡವಿದ ಜಾಗದಲ್ಲಿ ಹಂಚಿನ ರಾಶಿ, ಗುಜರಿ ಅಂಗಡಿಯ ಹಿಂದಿನ ಓಣಿ. ಪಚ್ಚನಾಡಿಯ ಯಾರ್ಡಿನ ಒಳಗೆ ಹೋಗಬೇಕಾದರೆ ಅನುಮತಿ ಕೇಳಿಯೇ ಹೋಗಿ. ನನ್ನ ಹೆಚ್ಚಿನ ಫೋಟೋ ಹೊರಗಿನ ರಸ್ತೆಯಿಂದ ತೆಗೆದದ್ದು.

ಈಗ ಡಿಎಸ್‌ಎಲ್‌ಆರ್ ವಿಷಯ. ಕಂಪನಿಯ ಹೆಸರು ಬೇಡ, ಯಾಕೆಂದರೆ ಈ ತೊಂದರೆ ಒಂದು ಕಂಪನಿಯದಲ್ಲ. ಜೊತೆಗೆ ಬರುವ 18-55 ಮಿಲಿಮೀಟರಿನ ಜೂಮ್ ಲೆನ್ಸ್ ಎಲ್ಲರ ಮನೆಯಲ್ಲೂ ಇರುತ್ತದೆ. ಅದರ ರಿಂಗ್ ತಿರುಗಿಸಿದರೆ ಮುಂದಿನ ಕೊಳವೆ ಹೊರಗೆ ಬರುತ್ತದೆ. ಹೊರಗೆ ಬಂದಾಗ ಒಳಗಿನ ಜಾಗ ದೊಡ್ಡದಾಗುತ್ತದೆ, ಸಂದುಗಳಿಂದ ಗಾಳಿ ಒಳಗೆ ಹೋಗುತ್ತದೆ. ವಾಪಸ್ ತಿರುಗಿಸಿದರೆ ಗಾಳಿ ಹೊರಗೆ. ಅಂದರೆ ಒಂದೊಂದು ಸಲ ಜೂಮ್ ಮಾಡಿದಾಗಲೂ ಲೆನ್ಸ್ ಉಸಿರಾಡುತ್ತದೆ. ಮದುವೆ ಮನೆಯಲ್ಲಿ ಇದರಿಂದ ಏನೂ ಆಗುವುದಿಲ್ಲ. ಕಸದ ರಾಶಿಯ ಪಕ್ಕದ ಗಾಳಿಯಲ್ಲಿ ಬೂದಿ ಇರುತ್ತದೆ, ಧೂಳು ಇರುತ್ತದೆ, ಕೊಳೆತದ್ದರ ತೇವ ಇರುತ್ತದೆ. ಅದನ್ನೆಲ್ಲ ನಾನೇ ಕೈಯಾರೆ ಲೆನ್ಸ್ ಒಳಗೆ ತುಂಬುತ್ತಿದ್ದೆ. ನನಗೆ ಗೊತ್ತಿರಲಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಏನೂ ಒಣಗುವುದಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು. ಚಪ್ಪಲಿಗೆ, ಬೆಲ್ಟಿಗೆ, ಪುಸ್ತಕದ ರಟ್ಟಿಗೆ ಬೂಸ್ಟು ಹಿಡಿಯುತ್ತದೆ. ನಾನು ಕ್ಯಾಮೆರಾವನ್ನು ಬಟ್ಟೆಯಿಂದ ಒರೆಸಿ, ಅದರ ಸ್ಪಂಜಿನ ಚೀಲದಲ್ಲಿ ಹಾಕಿ, ಕಪಾಟಿನಲ್ಲಿ ಇಡುತ್ತಿದ್ದೆ. ಚೀಲವೇ ತೇವ ಹಿಡಿದುಕೊಂಡಿತ್ತು. ಅಕ್ಟೋಬರ್‌ನಲ್ಲಿ ಒಂದು ದಿನ ಸೂರ್ಯನ ಎದುರು ಲಾರಿಯ ಫೋಟೋ ತೆಗೆದೆ. ಇಡೀ ಚಿತ್ರ ಹಾಲು ಬೆರೆಸಿದ ಹಾಗೆ ಬಂತು. ಮನೆಗೆ ಬಂದು ಲೆನ್ಸ್‌ಗೆ ಟಾರ್ಚ್ ಹಿಡಿದು ನೋಡಿದರೆ ಒಳಗಿನ ಗಾಜಿನ ಅಂಚಿನಿಂದ ಬಿಳಿ ಎಳೆಗಳು ಹಬ್ಬಿದ್ದವು. ಜೇಡರ ಬಲೆಯಂತೆ, ತುಂಬಾ ತೆಳ್ಳಗೆ. ಫಂಗಸ್.

ರಿಪೇರಿಯವರಿಗೆ ತೋರಿಸಿದೆ. ಎಳೆಗಳನ್ನು ತೆಗೆಯಬಹುದು, ಆದರೆ ಅವು ಗಾಜಿನ ಮೇಲಿನ ಲೇಪ ತಿಂದಿದ್ದರೆ ಕಲೆ ಹೋಗುವುದಿಲ್ಲ ಅಂದರು. 3,500 ರೂಪಾಯಿ ಕೇಳಿದರು. ಅಂಥದ್ದೇ ಹಳೆ ಲೆನ್ಸ್ 4,000ಕ್ಕೆ ಸಿಗುತ್ತಿತ್ತು. ಅದನ್ನೇ ತೆಗೆದುಕೊಂಡೆ. ಈ ಸಲ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ತೇವ ಹೀರುವ ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮೀಟರ್ ಎಲ್ಲ ತಂದೆ. ಮೀಟರ್ ಶೇಕಡಾ 40ರಿಂದ 50ರ ಒಳಗೆ ಇರಬೇಕು. ಅದೇನೋ ಸರಿ ಇತ್ತು. ಆದರೆ ಹಿಡಿಯ ರಬ್ಬರಿಗೆ ಅಂಟಿದ ವಾಸನೆಗೆ ಉಪಾಯ ಸಿಗಲಿಲ್ಲ. ಕಸದ ಗಾಡಿಯಿಂದ ಸುರಿಯುವ ಕರಿ ನೀರು ಒಂದು ಸಲ ತಾಗಿದರೆ ಸಾಕು. ಒದ್ದೆ ಬಟ್ಟೆಯಲ್ಲಿ ಎಷ್ಟು ಒರೆಸಿದರೂ ಬಟನ್‌ಗಳ ಸಂದಿನಲ್ಲಿ ಉಳಿಯುತ್ತದೆ. ಆ ಕ್ಯಾಮೆರಾವನ್ನು ಕಣ್ಣಿಗೆ, ಮೂಗಿಗೆ ಒತ್ತಿ ಹಿಡಿಯಬೇಕು. ಮನೆಯಲ್ಲಿ ಸಣ್ಣ ಮಗು ಇದೆ. ತೊಳೆಯಲು ಬರುವುದಿಲ್ಲ, ತೊಳೆಯದೆ ಒಳಗೆ ತರಲು ಮನಸ್ಸಿಲ್ಲ.

ಇದಕ್ಕಿಂತ ದೊಡ್ಡ ನಷ್ಟ ಫೋಟೋಗಳಲ್ಲಿ ಆಯಿತು. ಎರಡನೇ ಲೆನ್ಸ್ ಬಂದ ಮೇಲೆ ನಾನು ರಾಶಿಯಿಂದ ದೂರ ನಿಲ್ಲತೊಡಗಿದೆ. ಬಗ್ಗುವುದಿಲ್ಲ, ನೆಲಕ್ಕೆ ಇಡುವುದಿಲ್ಲ, ಮಳೆ ಹನಿ ಬಿದ್ದರೆ ಚೀಲಕ್ಕೆ. ಆ ಒಂದು ವರ್ಷದ ಫೋಟೋಗಳನ್ನು ಈಗ ನೋಡಿದರೆ ಎಲ್ಲದರಲ್ಲೂ ಅದೇ ಬಣ್ಣ ಬಣ್ಣದ ಗುಡ್ಡ, ಮೇಲೆ ಹದ್ದು. ಯಾರ ಮನೆಯಿಂದ ಏನು ಬಂತು ಅಂತ ಒಂದರಲ್ಲೂ ಕಾಣುವುದಿಲ್ಲ.

ಮೊಬೈಲಿನಲ್ಲಿ ಹತ್ತಿರ ಹೋಗುವುದು ಸುಲಭ. ಆದರೆ ನಾನು ಕೈಗವಸು ಹಾಕಿಕೊಂಡೇ ಹೋಗುವುದು, ಮಳೆಗಾಲದಲ್ಲಿ ಗಂಬೂಟು ಕೂಡ. ಇಲಿಜ್ವರದ ಭಯ ನಮ್ಮ ಜಿಲ್ಲೆಯಲ್ಲಿ ನಿಜವಾದ ಭಯ. ಕೈಗವಸಿನ ಬೆರಳಿಗೆ ಸ್ಕ್ರೀನ್ ಕೇಳುವುದಿಲ್ಲ, ಮಳೆ ಹನಿಗೆ ಮಾತ್ರ ಕೇಳುತ್ತದೆ. ಇನ್ನೊಂದು, ಮೊಬೈಲ್ ತಾನಾಗಿ ಚಿತ್ರವನ್ನು ಚೆಂದ ಮಾಡುತ್ತದೆ. ಒಮ್ಮೆ ರಸ್ತೆ ಬದಿ ಮಳೆಯಲ್ಲಿ ನೆನೆದ ಶಾಲೆಯ ಕಾಪಿ ಪುಸ್ತಕ ಸಿಕ್ಕಿತು. ಒಂದೇ ಸಾಲನ್ನು ಪುಟ ತುಂಬ ದುಂಡಗೆ ಬರೆದಿತ್ತು ಯಾವುದೋ ಮಗು. ಶಾಯಿ ಹರಡಿದ್ದರೂ ಕಣ್ಣಿಗೆ ಅಕ್ಷರ ಕಾಣುತ್ತಿತ್ತು. ಮೊಬೈಲಿನ ಫೋಟೋದಲ್ಲಿ ಆ ಅಕ್ಷರಗಳು ನೀಲಿ ಬಣ್ಣದ ಗೀಚಿನ ಹಾಗೆ ಬಂದವು. ಕಾಗದದ ನಾರೆಲ್ಲ ನುಣ್ಣಗಾಗಿತ್ತು. ಮರುದಿನ ಹೋದರೆ ಪುಸ್ತಕ ಇರಲಿಲ್ಲ. ಆ ಬೇಸರ ಇನ್ನೂ ಇದೆ. ಚೆಂದ ಮಾಡದ ಮೂಲ ಚಿತ್ರವನ್ನು (ರಾ ಫೈಲ್) ಕೊಡುವ ದುಬಾರಿ ಫೋನ್‌ಗಳಲ್ಲಿ ಹೀಗಾಗದಿರಬಹುದು, ನನ್ನದು 15 ಸಾವಿರದ್ದು. ಹೇಗೂ ಅದೇ ಫೋನನ್ನು ಆಮೇಲೆ ಕಿವಿಗೆ ಇಟ್ಟುಕೊಳ್ಳಬೇಕಲ್ಲ.

ಟಿಜಿ-6ರಲ್ಲಿ ನನಗೆ ಬೇಕಾದದ್ದು ಎರಡೇ. ಜೂಮ್ ಮಾಡಿದರೂ ಲೆನ್ಸ್ ಹೊರಗೆ ಬರುವುದಿಲ್ಲ, ಎಲ್ಲ ಒಳಗೇ ಚಲಿಸುತ್ತದೆ. ಆದ್ದರಿಂದ ಗಾಳಿ ಎಳೆದುಕೊಳ್ಳುವ ಪ್ರಶ್ನೆಯೇ ಇಲ್ಲ. ಎರಡನೆಯದು, ಇದು 15 ಮೀಟರ್ ನೀರಿನೊಳಗೆ ಹೋಗಲು ಮಾಡಿದ ಕ್ಯಾಮೆರಾ. ಮನೆಗೆ ಬಂದ ಕೂಡಲೇ ಹಿತ್ತಲಿನ ನಲ್ಲಿಯಡಿ ಹಿಡಿದು ತೊಳೆಯುತ್ತೇನೆ. ಗಂಬೂಟು ತೊಳೆಯುವಾಗ ಅದನ್ನೂ ತೊಳೆದು, ಒರೆಸಿ, ಕಿಟಕಿಯಲ್ಲಿ ಇಟ್ಟರೆ ಆಯಿತು. ಬ್ಯಾಟರಿ ಬಾಗಿಲಿನ ರಬ್ಬರಿನ ಮೇಲೆ ಒಂದು ಕೂದಲು, ಒಂದು ಕಾಳು ಮರಳು ಇದ್ದರೂ ನೀರು ಹೋಗಬಹುದು. ಅದಕ್ಕೆ ತೊಳೆಯುವ ಮುಂಚೆ ಬಾಗಿಲು ತೆರೆಯಬೇಡಿ, ಪೂರ್ತಿ ಒಣಗಿದ ಮೇಲೆ ತೆರೆಯಿರಿ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ಆ ರಬ್ಬರನ್ನು ಮೊದಲು ನೋಡಿ.

ಹತ್ತಿರ ಹೋಗಲು ಧೈರ್ಯ ಬಂದದ್ದು ಇದರಿಂದಲೇ. ಗಾಜಿನಿಂದ 1 ಸೆಂಟಿಮೀಟರ್ ದೂರದ ವಸ್ತುವೂ ಸ್ಪಷ್ಟವಾಗಿ ಬರುತ್ತದೆ. ಹಳೆ ಮನೆ ಕೆಡವಿದಲ್ಲಿ ಒಡೆದ ಹಂಚುಗಳ ರಾಶಿ ಇರುತ್ತದಲ್ಲ, ಅದರ ಹಿಂಬದಿಯಲ್ಲಿ ಕಾರ್ಖಾನೆಯ ಹೆಸರು ಒತ್ತಿರುತ್ತಾರೆ. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ನೇತ್ರಾವತಿ ದಂಡೆಯ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಊರಲ್ಲಿ ಎಷ್ಟೋ ಕಾರ್ಖಾನೆಗಳು ಬಂದವು. ಈಗ ಅವುಗಳ ಹೆಸರು ಓದಲು ಸಿಗುವುದು ಹೆಚ್ಚಾಗಿ ಇಂಥ ರಾಶಿಗಳಲ್ಲೇ. ಪಾಚಿ ಹಿಡಿದ ಅಕ್ಷರದ ಮೇಲೆ ಒಂದು ಇರುವೆ ಹೋಗುತ್ತಿದ್ದ ಫೋಟೋ ನನ್ನ ಹತ್ತಿರ ಇದೆ. ಹಂಚಿನ ತುಂಡಿನ ಮೇಲೆಯೇ ಕ್ಯಾಮೆರಾ ಇಟ್ಟು, ಜಡಿಮಳೆಯಲ್ಲಿ ತೆಗೆದದ್ದು. ಡಿಎಸ್‌ಎಲ್‌ಆರ್ ಇದ್ದಿದ್ದರೆ ಆ ಹೊತ್ತಿಗೆ ನಾನು ಬಸ್‌ಸ್ಟ್ಯಾಂಡಿನ ಮಾಡಿನಡಿ ಇರುತ್ತಿದ್ದೆ.

ಜನರ ವಿಷಯವೂ ಇದೆ. ದೊಡ್ಡ ಕ್ಯಾಮೆರಾ ನೋಡಿದರೆ ಕಸದ ಗಾಡಿಯವರು ಬಿಗಿಯಾಗುತ್ತಾರೆ. ಅವರಲ್ಲಿ ತುಂಬಾ ಜನ ಉತ್ತರ ಕರ್ನಾಟಕದವರು. "ಯಾವ ಪೇಪರ್‌ನವರ್ರೀ ಸರ? ನಮ್ಮ ಕೆಲಸಕ್ಕ ತ್ರಾಸ ಆಗ್ತದ" ಅಂತ ಒಬ್ಬರು ಕೇಳಿದಾಗ ನನಗೆ ಮಾತು ಹೊರಡಲಿಲ್ಲ. ಸಣ್ಣ ಕ್ಯಾಮೆರಾ ಇದ್ದರೂ ಕೇಳಿಯೇ ತೆಗೆಯಬೇಕು. "ಅಣ್ಣ, ಗಾಡಿದು ಒಂದು ಫೋಟೋ ತೆಗೀಲಾ? ನಿಮ್ಮ ಮುಖ ಬರೋದಿಲ್ಲ" ಅಂದು ಕ್ಯಾಮೆರಾ ಅವರ ಕೈಗೇ ಕೊಡುತ್ತೇನೆ. ಅವರ ಕೈಯಲ್ಲಿ ಏನಿದ್ದರೂ ಚಿಂತೆ ಇಲ್ಲ, ಅದು ತೊಳೆಯುವ ಕ್ಯಾಮೆರಾ. ಒಬ್ಬರು ತಾವೇ ಗಾಡಿಯ ಮೇಲೆ ಹತ್ತಿ ಒಳಗಿನ ಫೋಟೋ ತೆಗೆದುಕೊಟ್ಟರು. ನಾನು ಯಾವತ್ತೂ ನಿಲ್ಲಲು ಆಗದ ಜಾಗದಿಂದ ತೆಗೆದದ್ದು ಅದು.

ಓಡುವ ಲಾರಿ, ಬೆಳಗಿನ ಆರು ಗಂಟೆಯ ಬೆಳಕು: ಇಲ್ಲಿ ಡಿಎಸ್‌ಎಲ್‌ಆರ್ ಗೆಲ್ಲುತ್ತದೆ, ಅನುಮಾನವೇ ಬೇಡ. ಟಿಜಿಯ ಸಣ್ಣ ಸೆನ್ಸರ್‌ನಲ್ಲಿ, ಅಂದರೆ ಬೆಳಕು ಹಿಡಿಯುವ ಚಿಪ್‌ನಲ್ಲಿ, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಅಳತೆ) 800 ದಾಟಿದರೆ ಚಿತ್ರ ಕಾಳು ಕಾಳಾಗಿ ಬರುತ್ತದೆ. ಟಾರ್ಪಾಲಿನಡಿಯಿಂದ ಹಾರುವ ಪ್ಲಾಸ್ಟಿಕ್ ಚೀಲ, ಚಕ್ರದ ಹಿಂದೆ ಏಳುವ ಕೆಸರು ನಿಲ್ಲಿಸಿ ಹಿಡಿಯಬೇಕಾದರೆ ದೊಡ್ಡ ಸೆನ್ಸರೇ ಬೇಕು. ಗೋಡೆಗೆ ಹಾಕುವಷ್ಟು ದೊಡ್ಡ ಪ್ರಿಂಟಿಗೂ ಅಷ್ಟೇ. ನಾನು ಮಾಡಿಸುವುದು ಎ4 ಅಳತೆಯದ್ದು, ಅದಕ್ಕೆ ಟಿಜಿ ಸಾಕು.

ಬ್ಯಾಟರಿ ಮೂರರಲ್ಲೂ ಒಂದು ಬೆಳಿಗ್ಗೆಗೆ ಸಾಕಾಗುತ್ತದೆ.

ದಕ್ಕೆಯ ಬಲೆ, ತರ್ಮಾಕೋಲ್ ಪೆಟ್ಟಿಗೆ ತೆಗೆಯುವವರು ಉಪ್ಪುನೀರು ತಾಗಿದ ಟಿಜಿಯನ್ನು ಬರೀ ತೊಳೆದರೆ ಸಾಲದು, ಬಕೆಟ್ ಸಿಹಿನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿಡಿ.

ನಿಮ್ಮಲ್ಲಿ ಈಗಾಗಲೇ ಡಿಎಸ್‌ಎಲ್‌ಆರ್ ಇದ್ದು, ಊರು ಒಣ ಹವೆಯದ್ದಾಗಿದ್ದರೆ, ಸುಮ್ನೆ ದುಡ್ಡು ಹಾಕಬೇಡಿ. ಜೂಮ್ ಬದಲು ಕೊಳವೆ ಹೊರಗೆ ಬಾರದ ಒಂದು ಲೆನ್ಸ್ ಹಾಕಿ, ಕಸದ ಹತ್ತಿರ ಲೆನ್ಸ್ ಬದಲಾಯಿಸಲು ಹೋಗಬೇಡಿ. ಕರಾವಳಿ, ಮಲೆನಾಡಿನವರಿಗೆ, ವಾರಕ್ಕೆ ಒಂದೇ ಬೆಳಿಗ್ಗೆ ಪುರುಸೊತ್ತು ಇರುವವರಿಗೆ, ಮನೆಯಲ್ಲಿ ಮಕ್ಕಳಿರುವವರಿಗೆ ನನ್ನ ಮಾತು ಟಿಜಿಯೇ. ಹೊಸದಕ್ಕೆ ಕಾಯುವುದು ಬೇಡ, ರಬ್ಬರ್ ಚೆನ್ನಾಗಿರುವ ಹಳೆಯದು ಸಾಕು. ನನ್ನ ಡಿಎಸ್‌ಎಲ್‌ಆರ್ ಮಾರಲಿಲ್ಲ. ಸಿಲಿಕಾ ಜೆಲ್ ಜೊತೆ ಡಬ್ಬದಲ್ಲಿದೆ. ಡಿಸೆಂಬರ್ ಬಂದಾಗ ತೆಗೆದು, ವಾಮಂಜೂರು ರಸ್ತೆಯಲ್ಲಿ ಗಾಡಿಗಳು ಬರುವ ಹೊತ್ತಿಗೆ ಹೋಗಿ ನಿಲ್ಲುತ್ತೇನೆ. ಮೊದಲ ಮಳೆಗೆ ಮತ್ತೆ ಡಬ್ಬಕ್ಕೆ.