ಟರ್ಕಿ ಕೋಳಿ ಉಳಿದಿದ್ರೆ ಸ್ಲೈಡರ್ (ಪುಟ್ಟ ಸ್ಯಾಂಡ್‌ವಿಚ್) ಮಾಡಿ: ಕಿಂಗ್ಸ್ ಹವಾಯಿಯನ್ ರೋಲ್ಸ್ ನಾಲ್ಕು ವರ್ಷ ಬಳಸಿದ ಮೇಲೆ ಬರೀತಿರೋದು

ಅಮೆರಿಕಾದಲ್ಲಿರೋರು ಈ ಕಿತ್ತಳೆ ಬಣ್ಣದ ಪ್ಯಾಕೆಟ್ ನೋಡೇ ಇರ್ತೀರ, ಆದ್ರೆ ನಮ್ಮೋರು ಸುಮಾರು ಜನ ಇದನ್ನ ಸಿಹಿ ಬನ್ನು ಅಂತ ಮಕ್ಕಳಿಗೆ ಹಾಲಿನ ಜೊತೆ ಕೊಡೋಕೆ ಮಾತ್ರ ತರ್ತಾರೆ. ನಾನೂ ಮೊದ್ಲು ಹಾಗೇ ತರ್ತಿದ್ದೆ. ಈಗ ನಾಲ್ಕು ವರ್ಷದಿಂದ ಥ್ಯಾಂಕ್ಸ್‌ಗಿವಿಂಗ್ (ನವೆಂಬರ್‌ನ ಒಂದು ಗುರುವಾರ ಬರೋ, ಟರ್ಕಿ ಊಟದ ಹಬ್ಬ) ಮಾರನೇ ದಿನಕ್ಕೆ ಅಂತಾನೇ ತಂದಿಟ್ಕೋತೀನಿ, ಯಾಕಂದ್ರೆ ಅವತ್ತು ಸಂಜೆ ನಮ್ಮ ಊರಿನ ನಾಲ್ಕೈದು ಕನ್ನಡದ ಮನೆಯವರು ನಮ್ಮಲ್ಲಿ ಸೇರ್ತಾರೆ, ಮಕ್ಕಳೆಲ್ಲಾ ಸೇರಿ ಇಪ್ಪತ್ತು ಜನ, ಹಿಂದಿನ ದಿನ ಇಡೀ ಅಡುಗೆಮನೇಲೇ ನಿಂತಿರೋ ನನಗೆ ಮತ್ತೆ ಹೊಸದಾಗಿ ಅಡುಗೆ ಮಾಡೋ ಶಕ್ತಿ ಇರಲ್ಲ, ಫ್ರಿಜ್ ತೆಗೆದ್ರೆ ಅರ್ಧ ಟರ್ಕಿ ಹಂಗೇ ಕೂತಿರುತ್ತೆ.

ಟರ್ಕಿ ತಿಂದೋರಿಗೆ ಗೊತ್ತು, ಎದೆ ಭಾಗ ಮಾರನೇ ದಿನಕ್ಕೆ ಒಣಗಿ ನಾರು ನಾರಾಗುತ್ತೆ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ ತಟ್ಟೆಗೆ ಹಾಕಿದ್ರೆ ಯಾರೂ ಮುಟ್ಟಲ್ಲ. ಅದೇ ಟರ್ಕೀನ ಈ ರೋಲ್ ಮಧ್ಯೆ ಚೀಸ್ ಹಾಕಿ ಬೆಣ್ಣೆ ಸವರಿ ಅವನ್‌ನಲ್ಲಿ ಇಟ್ಟು ತೆಗೆದ್ರೆ ಇಪ್ಪತ್ತು ನಿಮಿಷದಲ್ಲಿ ಟ್ರೇ ಖಾಲಿ.

ಈ ರೋಲ್‌ನಲ್ಲಿ ನನಗೆ ತುಂಬಾ ಇಷ್ಟ ಆಗೋದು ರುಚಿಗಿಂತ ಮೊದ್ಲು ಅದರ ಆಕಾರ. 12 ರೋಲ್‌ಗಳು ಒಂದಕ್ಕೊಂದು ಅಂಟ್ಕೊಂಡು ಒಂದೇ ಹಾಳೆ ಥರ ಬರುತ್ತೆ, ಅದನ್ನ ಬಿಡಿಸಲೇಬಾರದು. ಇಡೀ ಹಾಳೇನ ಹಲಗೆ ಮೇಲಿಟ್ಟು, ಎಡಗೈ ಮೇಲೆ ಹಗುರವಾಗಿ ಇಟ್ಟು, ಹಲ್ಲಿರೋ ಬ್ರೆಡ್ ಚಾಕುವಿನಿಂದ ಅಡ್ಡಡ್ಡಕ್ಕೆ ಗರಗಸದ ಥರ ನಿಧಾನಕ್ಕೆ ಕುಯ್ಯಬೇಕು. ಒತ್ತಿದ್ರೆ ಹಿಸುಕಿ ಹೋಗುತ್ತೆ. ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಆಮೇಲೆ ಕುಯ್ದ್ರೆ ಬಹಳ ನೀಟಾಗಿ ಬರುತ್ತೆ. ಆಗ ಕೆಳಗಿನ ಹಾಳೆ ಒಂದು, ಮೇಲಿನ ಹಾಳೆ ಒಂದು, ಹನ್ನೆರಡು ಸ್ಯಾಂಡ್‌ವಿಚ್ ಒಂದೇ ಸಲಕ್ಕೆ ರೆಡಿ. ಒಂದ್ಸಲ ಬೇರೆ ಕಂಪನಿಯ ಬಿಡಿ ಬಿಡಿ ಡಿನ್ನರ್ ರೋಲ್ ತಂದು ಮಾಡಿದ್ದೆ, ಒಂದೊಂದಕ್ಕೂ ಬೇರೆ ಬೇರೆ ತುಂಬಿ ತುಂಬಿ ಸಾಕಾಗಿ ಹೋಯ್ತು, ಅಂಚೆಲ್ಲಾ ಒಣಗಿ ಗಟ್ಟಿ ಆಯ್ತು. ಅಂಟ್ಕೊಂಡಿದ್ರೆ ಪಕ್ಕದ ಗೋಡೆಗಳು ಮೆತ್ತಗೇ ಇರುತ್ತೆ, ಮೇಲಿನ ತಲೆ ಮಾತ್ರ ಗರಿಯಾಗುತ್ತೆ, ಅದೇ ಬೇಕಾಗಿರೋದು.

ರುಚಿ ಹೇಳಬೇಕು ಅಂದ್ರೆ ನಮ್ಮ ಅಯ್ಯಂಗಾರ್ ಬೇಕರಿ ಬನ್ನನ್ನ ಇನ್ನೂ ಮೆತ್ತಗೆ ಮಾಡಿ, ಬೆಣ್ಣೆ ಮೊಟ್ಟೆ ಹಾಕಿದ್ರೆ ಹೇಗಿರುತ್ತೋ ಹಾಗೆ. ಸಿಹಿ ಇದೆ. ಟರ್ಕೀಲಿ ಉಪ್ಪು, ಚೀಸ್‌ನಲ್ಲಿ ಉಪ್ಪು, ಸಾಸಿವೆಯ ಘಾಟು ಇರೋದ್ರಿಂದ ಆ ಸಿಹಿ ಇಲ್ಲಿ ಚೆನ್ನಾಗಿ ಕೂರುತ್ತೆ. ಸಿಹಿ ಬೇಡವೇ ಬೇಡ ಅನ್ನೋರಿಗೆ ಅದೇ ಕಂಪನಿಯ ಸೇವರಿ ಬಟರ್ ರೋಲ್ಸ್ ಇದೆ, ಅದೂ ಹೀಗೇ ಅಂಟ್ಕೊಂಡೇ ಬರುತ್ತೆ.

ಈಗ ಮಾಡೋದು. ಅವನ್ 350 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ ಸುಮಾರು 175 ಸೆಲ್ಸಿಯಸ್. 9 ಬೈ 13 ಇಂಚಿನ ಟ್ರೇಗೆ ಬೆಣ್ಣೆ ಸವರಿ ಕೆಳಗಿನ ಹಾಳೆ ಇಟ್ಟು, ಏನೂ ತುಂಬದೇ ಬರೀ ಅದನ್ನೇ ನಾಲ್ಕೈದು ನಿಮಿಷ ಅವನ್‌ಗೆ ಹಾಕಿ. ಇದನ್ನ ದಯವಿಟ್ಟು ಬಿಡಬೇಡಿ. ಮೊದಲನೇ ವರ್ಷ ನಾನು ಇದನ್ನ ಮಾಡದೇ ನೇರ ತುಂಬಿ, ಮೇಲೆ ಗ್ರೇವೀನೂ ಸುರಿದಿದ್ದೆ. ಎತ್ತೋಕೆ ಹೋದ್ರೆ ಕೆಳಗಡೆ ಬ್ರೆಡ್ಡೇ ಇರ್ಲಿಲ್ಲ, ನೆಂದು ಮುದ್ದೆಯಾಗಿ ಟ್ರೇಗೇ ಅಂಟ್ಕೊಂಡಿತ್ತು, ಎಲ್ಲರಿಗೂ ಸ್ಪೂನ್ ಕೊಡಬೇಕಾಯ್ತು, ಬಂದೋರ ಮುಂದೆ ತುಂಬಾ ಬೇಜಾರಾಯ್ತು. ಮೊದ್ಲೇ ಟೋಸ್ಟ್ ಮಾಡಿದ್ರೆ ಮೇಲ್ಮೈ ಸ್ವಲ್ಪ ಗಟ್ಟಿಯಾಗಿ ತೇವ ಬೇಗ ಹೀರಲ್ಲ. ಅದರ ಮೇಲೆ ಚೀಸ್ ಒಂದು ಪದರ, ಆಮೇಲೆ ಟರ್ಕಿ, ಮತ್ತೆ ಚೀಸ್. ಎರಡೂ ಕಡೆ ಚೀಸ್ ಇದ್ರೆ ಕೆಳಗಿನದು ತೇವಕ್ಕೆ ತಡೆ, ಮೇಲಿನದು ಅಂಟು. ಸ್ವಿಸ್ ಅಥವಾ ಪ್ರೊವೊಲೋನ್ ಚೀಸ್ ಚೆನ್ನಾಗಿ ಕರಗುತ್ತೆ.

ಟರ್ಕೀನ ಸ್ಲೈಸ್ ಮಾಡೋಕೆ ಹೋಗಬೇಡಿ, ಕೈಯಲ್ಲೇ ಎಳೆ ಎಳೆಯಾಗಿ ಬಿಡಿಸಿ. ಸ್ಲೈಸ್ ಆದ್ರೆ ಕಚ್ಚಿದಾಗ ಇಡೀ ತುಂಡು ಎಳ್ಕೊಂಡು ಬರುತ್ತೆ. ಎರಡು ಕಪ್ ಬಿಡಿಸಿದ ಟರ್ಕಿಗೆ ಎರಡು ಮೂರು ಚಮಚ ಬಿಸಿ ಗ್ರೇವಿ, ಕಾಳುಮೆಣಸಿನ ಪುಡಿ, ಸಣ್ಣಗೆ ಹೆಚ್ಚಿದ ಒಂದು ಹಸಿಮೆಣಸಿನಕಾಯಿ ಹಾಕಿ ಕಲಸಿಟ್ಕೊಳ್ಳಿ, ಮೆಣಸಿನಕಾಯಿ ಮಾತ್ರ ನನ್ನದು, ಇಲ್ಲಿನವರು ಹಾಕಲ್ಲ. ಉಳಿದ ಗ್ರೇವಿ ಬಟ್ಟಲಲ್ಲಿ ಪಕ್ಕಕ್ಕಿರಲಿ, ಅದ್ದಿಕೊಂಡು ತಿನ್ನೋಕೆ. ಕ್ರ್ಯಾನ್‌ಬೆರಿ ಸಾಸ್ ಮೇಲಿನ ಹಾಳೆ ಒಳಗಡೆ ತೆಳ್ಳಗೆ ಸವರಿದ್ರೆ ಸಾಕು, ರೋಲೇ ಸಿಹಿ ಇರೋದ್ರಿಂದ ಜಾಸ್ತಿ ಆದ್ರೆ ಜಾಮ್ ಬನ್ ತಿಂದಂಗಾಗುತ್ತೆ. ಸ್ಟಫಿಂಗ್ (ಟರ್ಕಿ ಜೊತೆ ಮಾಡೋ, ಬ್ರೆಡ್ ಚೂರಿನ ಮಸಾಲೆ) ಹಾಕೋದು ಬೇಡ ಅನ್ನೋದು ನನ್ನ ಅಭಿಪ್ರಾಯ, ಬ್ರೆಡ್ ಒಳಗೆ ಬ್ರೆಡ್ ಆಗುತ್ತೆ.

ಮೇಲೆ ಸವರೋ ಬೆಣ್ಣೇಲೇ ಇದರ ಜೀವ ಇರೋದು. ನಾಲ್ಕು ದೊಡ್ಡ ಚಮಚ ಕರಗಿಸಿದ ಬೆಣ್ಣೆ, ಒಂದು ಚಮಚ ಡಿಜಾನ್ ಸಾಸಿವೆ ಪೇಸ್ಟ್, ಒಂದು ಸಣ್ಣ ಚಮಚ ವೂಸ್ಟರ್‌ಶೈರ್ ಸಾಸ್, ಒಣಗಿದ ಈರುಳ್ಳಿ ಚೂರು, ಆಮೇಲೆ ಗಸಗಸೆ. ಹೌದು, ನಾವು ಪಾಯಸಕ್ಕೆ ಹಾಕೋ ಅದೇ ಗಸಗಸೆ, ಇಲ್ಲಿ ಕಪ್ಪುನೀಲಿ ಬಣ್ಣದ್ದು ಸಿಗುತ್ತೆ ಅಷ್ಟೇ. ಬ್ರಶ್‌ನಲ್ಲಿ ಸವರುವಾಗ ರೋಲ್ ರೋಲ್ ಮಧ್ಯದ ಗೆರೆಗಳಿಗೆ ಇಳಿಯೋ ಹಾಗೆ ಸವರಿ, ಬೆಣ್ಣೆ ಆ ಸಂದುಗಳಲ್ಲಿ ಇಳಿದು ಅಂಚು ಅಂಚಿಗೂ ರುಚಿ ಹಿಡಿಯುತ್ತೆ. ಫಾಯಿಲ್ ತಾಗದ ಹಾಗೆ ಗುಡಾರದ ಥರ ಮುಚ್ಚಿ 15 ನಿಮಿಷ, ಫಾಯಿಲ್ ತೆಗೆದು ಇನ್ನೊಂದು ಐದಾರು ನಿಮಿಷ. ಮೊದ್ಲಿಂದಾನೇ ತೆರೆದಿಟ್ರೆ ಸಕ್ಕರೆ ಇರೋ ರೋಲ್ ಆಗಿದ್ರಿಂದ ಒಳಗೆ ಬಿಸಿ ಆಗೋಕೆ ಮುಂಚೆ ತಲೆ ಕಪ್ಪಾಗಿಬಿಡುತ್ತೆ. ಉಳಿದ ಮಾಂಸ ಅಲ್ವಾ, ಮಧ್ಯಭಾಗ 165 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದೆಯಾ ಅಂತ ಥರ್ಮಾಮೀಟರ್ ಚುಚ್ಚಿ ನೋಡ್ತೀನಿ. ಗುರುವಾರ ಊಟ ಆದ ಎರಡು ಗಂಟೆ ಒಳಗೆ ಟರ್ಕಿ ಫ್ರಿಜ್ ಸೇರಿರಬೇಕು, ಮೂರು ನಾಲ್ಕು ದಿನದ ಮೇಲೆ ಇಡಬಾರದು. ಮಕ್ಕಳು ತಿನ್ನೋದು, ಇದರಲ್ಲಿ ಮಾತ್ರ ಉದಾಸೀನ ಬೇಡ.

ಇನ್ನು ಸಸ್ಯಾಹಾರಿಗಳ ವಿಷಯ, ಇದು ನಮ್ಮೋರಿಗೆ ಮುಖ್ಯ. ಈ ರೋಲ್‌ನಲ್ಲಿ ಮೊಟ್ಟೆ ಇದೆ, ಪ್ಯಾಕೆಟ್ ಹಿಂದೆ ಬರೆದಿದೆ, ಬನ್ನು ಅಂತ ಯೋಚನೆ ಮಾಡದೇ ಮೊಟ್ಟೆ ತಿನ್ನದವರಿಗೆ ಕೊಟ್ಟುಬಿಡಬೇಡಿ. ವೂಸ್ಟರ್‌ಶೈರ್ ಸಾಸ್‌ಗೆ ಸಾಮಾನ್ಯವಾಗಿ ಆಂಚೊವಿ ಮೀನು ಹಾಕಿರ್ತಾರೆ. ಕೆಲವು ಚೀಸ್‌ಗೆ ಹಾಲು ಗಟ್ಟಿಯಾಗೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸ್ತಾರೆ, ಅದನ್ನೂ ಲೇಬಲ್‌ನಲ್ಲಿ ನೋಡ್ಕೋಬೇಕು. ನಮ್ಮ ಅತ್ತೆ ಬಂದಿದ್ದ ವರ್ಷ ಇದನ್ನೆಲ್ಲಾ ನೋಡಿ ನೋಡಿ ಅವರಿಗೆ ಬೇರೆ ಟ್ರೇ ಮಾಡಿದೆ. ಇಂಡಿಯನ್ ಸ್ಟೋರ್‌ನಿಂದ ಮೊಟ್ಟೆ ಇಲ್ಲದ ಪಾವ್, ಅದೂ ಹಾಳೆ ಥರಾನೇ ಅಂಟ್ಕೊಂಡು ಬರುತ್ತಲ್ಲ, ಅದಕ್ಕೆ ಹಿಂದಿನ ದಿನದ ಮ್ಯಾಶ್ಡ್ ಪೊಟೇಟೊಗೆ ಸಾಸಿವೆ, ಇಂಗು, ಕರಿಬೇವು ಒಗ್ಗರಣೆ ಕೊಟ್ಟು, ಕೊತ್ತಂಬರಿ ಚಟ್ನಿ ಸವರಿ, ಚೀಸ್ ಇಟ್ಟು, ಮೇಲೆ ಬೆಣ್ಣೆ ಗಸಗಸೆ. ಅತ್ತೆ ಎರಡು ತಿಂದು ಮೂರನೇದಕ್ಕೆ ಕೈ ಹಾಕಿದ್ದು ನೋಡಿ ನನಗೆ ಹೊಟ್ಟೆ ತುಂಬಿತು.

ಆಮೇಲೆ ಓದಿದಾಗ ಗೊತ್ತಾಯ್ತು, ಎರಡೂ ಟ್ರೇಗೆ ದೂರದ ನೆಂಟಸ್ತಿಕೆ ಇದೆ. ಹವಾಯಿಯ ಕಬ್ಬಿನ ತೋಟಗಳಿಗೆ ಕೆಲಸಕ್ಕೆ ಬಂದ ಪೋರ್ಚುಗೀಸರು ತಂದ ಸಿಹಿ ಬ್ರೆಡ್ಡೇ ಈ ರೋಲ್‌ಗೆ ಮೂಲ. ನಮ್ಮ ಪಾವ್ ಅನ್ನೋ ಪದಾನೂ ಪೋರ್ಚುಗೀಸರ ಬ್ರೆಡ್ಡಿನ ಹೆಸರಿಂದಾನೇ ಬಂದಿದ್ದು. ಈ ಕಂಪನಿ ಶುರು ಮಾಡಿದ ರಾಬರ್ಟ್ ಟೈರಾ ಅನ್ನೋರು 1950ರ ದಶಕದಲ್ಲಿ ಹವಾಯಿಯ ಹಿಲೋ ಊರಲ್ಲಿ ಬೇಕರಿ ನಡೆಸ್ತಿದ್ರು, ಆಮೇಲೆ ಹೊನೊಲುಲುವಿನ ಕಿಂಗ್ ಸ್ಟ್ರೀಟ್‌ಗೆ ಬಂದಾಗ ಕಿಂಗ್ಸ್ ಅಂತ ಹೆಸರು ಬಂತು, 1977ರಲ್ಲಿ ಕ್ಯಾಲಿಫೋರ್ನಿಯಾದ ಟಾರೆನ್ಸ್‌ಗೆ ಬಂದ್ರು.

ಮೊದಲೇ ಮಾಡಿಡೋರಿಗೆ ಒಂದು ಮಾತು, ಮಧ್ಯಾಹ್ನವೇ ತುಂಬಿ ಮುಚ್ಚಿ ಫ್ರಿಜ್‌ನಲ್ಲಿಡಬಹುದು ಆದ್ರೆ ಬೆಣ್ಣೆ ಅವನ್‌ಗೆ ಹಾಕೋ ಮುಂಚೆ ಮಾತ್ರ ಸವರಿ, ತಣ್ಣಗಿರೋದ್ರಿಂದ ಐದು ನಿಮಿಷ ಜಾಸ್ತಿ ಇಡಿ. ಈ ಸಲ ರೋಲ್ಸ್ ಎರಡು ಪ್ಯಾಕೆಟ್, ಪಾವ್ ಎರಡು ಪ್ಯಾಕೆಟ್ ತರ್ತಿದೀನಿ. ನಮ್ಮ ಮನೇಲಿ ಮೂಲೆಯ ನಾಲ್ಕು ತುಂಡಿಗೆ ಮಕ್ಕಳು ಈಗಾಗ್ಲೇ ಹೆಸರು ಹೇಳಿಟ್ಟಿದಾರೆ, ಅಲ್ಲಿ ಎರಡು ಕಡೆ ಗರಿ ಅಂಚು ಸಿಗುತ್ತೆ.