ಮೂರು ಬೇಸಿಗೆ, ನಾಲ್ಕು ಶಿಬಿರ

ಮಾರ್ಚ್ ಬಂತೆಂದರೆ ಬೆಳಗಿನ ಪತ್ರಿಕೆಯ ಮಡಿಕೆಯಿಂದ ಬೇಸಿಗೆ ಶಿಬಿರಗಳ ಕರಪತ್ರಗಳು ಉದುರತೊಡಗುತ್ತವೆ. ಶಾಲೆಯ ಗೇಟಿನಲ್ಲಿ, ಕಚೇರಿಯ ಊಟದ ಹೊತ್ತಿನಲ್ಲಿ ಎಲ್ಲರದೂ ಒಂದೇ ಮಾತು: ಈ ಸಲ ಮಕ್ಕಳನ್ನು ಎಲ್ಲಿಗೆ ಸೇರಿಸುತ್ತೀರಿ? ಮೂರು ಬೇಸಿಗೆಗಳಲ್ಲಿ ನನ್ನ ಇಬ್ಬರು ಮಕ್ಕಳನ್ನು ನಾಲ್ಕು ಬಗೆಯ ಶಿಬಿರಗಳಿಗೆ ಕಳುಹಿಸಿ ನೋಡಿದ್ದೇನೆ. ಒಂದೊಂದರಿಂದಲೂ ಮಕ್ಕಳು ಮನೆಗೆ ಏನು ತಂದರು, ನಾವು ಏನು ತೆತ್ತೆವು ಎಂಬುದನ್ನು ಪಕ್ಕಪಕ್ಕದಲ್ಲಿಟ್ಟು ಹೇಳುತ್ತೇನೆ.

ನಾವಿರುವುದು ಮೈಸೂರಿನಲ್ಲಿ. ಗಂಡ ಹೆಂಡಿರಿಬ್ಬರೂ ಕೆಲಸಕ್ಕೆ ಹೋಗುವವರು. 2025ರಲ್ಲಿ ರಾಜ್ಯದ ಶಾಲೆಗಳಿಗೆ ಏಪ್ರಿಲ್ 11ರಿಂದ ಮೇ 28ರವರೆಗೆ, ಅಂದರೆ 48 ದಿನ ರಜೆಯಿತ್ತು. ನಮ್ಮಿಬ್ಬರ ರಜೆಗಳನ್ನು ಕೂಡಿಸಿದರೂ ಅದರ ಮೂರನೆಯ ಒಂದು ಪಾಲನ್ನು ಮುಟ್ಟುವುದಿಲ್ಲ. ಹಾಗಾಗಿ ಶಿಬಿರ ಎನ್ನುವುದು ನಮ್ಮಂಥವರಿಗೆ ಮಕ್ಕಳ ಕಲಿಕೆಯ ಪ್ರಶ್ನೆಯಾಗುವುದಕ್ಕೆ ಮೊದಲು ಮಕ್ಕಳನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ. ಇದನ್ನು ಮುಚ್ಚಿಟ್ಟು ಹೋಲಿಕೆ ಮಾಡಿದರೆ ಅದು ಪ್ರಾಮಾಣಿಕವಾಗುವುದಿಲ್ಲ.

ಮೊದಲ ಬೇಸಿಗೆಯಲ್ಲಿ ಮಗಳಿಗೆ ಎಂಟು, ಮಗನಿಗೆ ಆರು. ಮನೆಗೆ ಹತ್ತಿರವೆಂಬ ಒಂದೇ ಕಾರಣಕ್ಕೆ ಬಡಾವಣೆಯ ಖಾಸಗಿ ಶಿಬಿರವೊಂದಕ್ಕೆ ಇಬ್ಬರನ್ನೂ ಸೇರಿಸಿದೆವು. ಹತ್ತು ದಿನ, ಬೆಳಿಗ್ಗೆ ಒಂಬತ್ತೂವರೆಯಿಂದ ಒಂದರವರೆಗೆ, ತಲೆಗೆ 6,500 ರೂಪಾಯಿ. ಕರಪತ್ರದಲ್ಲಿ ಹದಿನಾಲ್ಕು ಚಟುವಟಿಕೆಗಳಿದ್ದವು: ವೇದಗಣಿತ, ಜುಂಬಾ, ರೋಬೋಟಿಕ್ಸ್, ಒಲೆಯಿಲ್ಲದ ಅಡುಗೆ, ಮಡಕೆಗೆ ಬಣ್ಣ, ಮ್ಯಾಜಿಕ್, ಇನ್ನೂ ಏನೇನೋ. ಹತ್ತು ದಿನಕ್ಕೆ ಹದಿನಾಲ್ಕು ಎಂದರೆ ಒಂದೊಂದಕ್ಕೆ ಸಿಗುವುದು ಎಷ್ಟು ಹೊತ್ತು ಎಂದು ಆಗ ನಾನು ಲೆಕ್ಕ ಹಾಕಲಿಲ್ಲ. ರೋಬೋಟಿಕ್ಸ್ ದಿನ ಎಂಟು ಮಕ್ಕಳ ನಡುವೆ ಒಂದು ಪೆಟ್ಟಿಗೆ. ಮಗ ಚಕ್ರ ಹಿಡಿದುಕೊಂಡು ತನ್ನ ಸರದಿಗೆ ಕಾದ. ಸರದಿ ಬರುವಷ್ಟರಲ್ಲಿ ಪೆಟ್ಟಿಗೆಯನ್ನು ವಾಪಸು ತೆಗೆದುಕೊಂಡರು. ನಮ್ಮ ಮೊಬೈಲಿಗೆ ಮಾತ್ರ ದಿನವೂ ಮೂವತ್ತು ನಲವತ್ತು ಫೋಟೊ ಬರುತ್ತಿದ್ದವು. ಎಲ್ಲದರಲ್ಲೂ ಮಕ್ಕಳು ನಗುತ್ತಿದ್ದರು.

ಎಂಟನೆಯ ದಿನ ಮಗಳು ಬಣ್ಣ ಬಳಿದ ಪುಟ್ಟ ಮಡಕೆ ತಂದಳು. ಅಂಚಿನುದ್ದಕ್ಕೂ ಸೊಗಸಾದ ಹಸೆ ಚಿತ್ತಾರ. ಅಜ್ಜಿಗೆ ಕೊಡೋಣ ಎಂದೆ. "ಬೇಡ ಅಮ್ಮ, ಇದು ನಾನು ಮಾಡಿದ್ದಲ್ಲ. ಚೆನ್ನಾಗಿ ಕಾಣಲಿ ಎಂದು ಮಿಸ್ ಬರೆದರು" ಎಂದಳು. ಆ ಮಾತು ನನ್ನ ಮನಸ್ಸಿನಿಂದ ಇವತ್ತಿಗೂ ಹೋಗಿಲ್ಲ. ಅದೇ ವಾರ ಮಗ ಆಡುವಾಗ ಬಿದ್ದು ಮೊಣಕಾಲು ತರಚಿಕೊಂಡ. ಸುದ್ದಿ ನಮಗೆ ತಿಳಿದದ್ದು ಒಂದು ಗಂಟೆಗೆ ಕರೆದುಕೊಂಡು ಬರಲು ಹೋದಾಗ, ಗಾಯ ತೊಳೆದಿರಲಿಲ್ಲ. ನಲವತ್ತು ಮಕ್ಕಳಿದ್ದ ಆ ಶಿಬಿರದಲ್ಲಿ ದೊಡ್ಡವರು ನಾಲ್ವರು, ಅವರಲ್ಲಿ ಇಬ್ಬರು ಆಗಷ್ಟೇ ಪರೀಕ್ಷೆ ಮುಗಿಸಿದ ಪಿಯುಸಿ ಹುಡುಗಿಯರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅಷ್ಟು ಹಣ ಪಡೆದೂ ಅನುಭವಸ್ಥರನ್ನು ಇಡದವರ ಮೇಲೆ ಇದೆ.

ಎರಡನೆಯ ಬೇಸಿಗೆಯಲ್ಲಿ ಮಗಳನ್ನು ರಂಗಾಯಣದ ಮಕ್ಕಳ ರಂಗಶಿಬಿರವಾದ ಚಿಣ್ಣರ ಮೇಳಕ್ಕೆ ಸೇರಿಸಿದೆವು. ಬಿ.ವಿ. ಕಾರಂತರು 1989ರಲ್ಲಿ ಕಟ್ಟಿ ನಿಲ್ಲಿಸಿದ ರಂಗಾಯಣ ಮೈಸೂರಿನವರಿಗೆ ನೆರೆಮನೆಯಿದ್ದಂತೆ. ಅಲ್ಲಿನ ಬೇಸಿಗೆಯ ಮೇಳಕ್ಕೆ ತಾವೇ ಹೋಗಿ, ಈಗ ತಮ್ಮ ಮಕ್ಕಳನ್ನು ಕಳುಹಿಸುವವರು ಊರಿನಲ್ಲಿ ಎಷ್ಟೋ ಮಂದಿ ಇದ್ದಾರೆ. ಅರ್ಜಿ ಕೊಡುವ ದಿನ ಬೆಳಿಗ್ಗೆಯೇ ಸಾಲು ಹತ್ತುತ್ತದೆ; ನನ್ನ ಗಂಡ ಫ್ಲಾಸ್ಕಿನಲ್ಲಿ ಕಾಫಿ ಹಿಡಿದುಕೊಂಡು ಹೋಗಿದ್ದರು. ವಯಸ್ಸಿನ ಮಿತಿಯಿರುವುದರಿಂದ ಮಗನನ್ನು ಆ ವರ್ಷ ಕಳುಹಿಸುವಂತಿರಲಿಲ್ಲ.

ಮಗಳು ಮಾತು ಕಡಿಮೆಯ ಹುಡುಗಿ. ನಾಟಕಕ್ಕೆ ಇವಳೇಕೆ ಎಂದು ನೆಂಟರು ಕೇಳಿದರು. ಮೊದಲ ವಾರವೆಲ್ಲ ಮನೆಗೆ ಬಂದವಳು ಏನನ್ನೂ ಹೇಳಲಿಲ್ಲ, ನನಗೂ ಅಳುಕಾಯಿತು. ಎರಡನೆಯ ವಾರ ಹಳೆಯ ಪತ್ರಿಕೆಗಳನ್ನೆಲ್ಲ ಹರಿದು, ಮೈದಾ ಹಿಟ್ಟಿನ ಅಂಟು ಕಾಸಿಕೊಡು ಎಂದು ಹಟ ಹಿಡಿದಳು. ಊದಿದ ಬಲೂನಿನ ಮೇಲೆ ಪದರ ಪದರವಾಗಿ ಕಾಗದ ಅಂಟಿಸಿ, ಬಾಲ್ಕನಿಯಲ್ಲಿ ಎರಡು ದಿನ ಒಣಗಿಸಿ, ಅರ್ಧಕ್ಕೆ ಕತ್ತರಿಸಿ, ಮುಖವಾಡ ಮಾಡಿದಳು. ಒಂದು ಕಣ್ಣು ಮೇಲೆ, ಒಂದು ಕಣ್ಣು ಕೆಳಗೆ. ಹೇಳಿಕೊಟ್ಟದ್ದನ್ನು ಯಾರ ಒತ್ತಾಯವೂ ಇಲ್ಲದೆ ಮನೆಯಲ್ಲಿ ಮತ್ತೊಮ್ಮೆ ಮಾಡಿದ ಆ ಸಂಜೆ, ಈ ಶಿಬಿರಕ್ಕೆ ಕೊಟ್ಟ ಹಣ ಸಾರ್ಥಕವಾಯಿತು ಎಂದುಕೊಂಡೆ. ಆ ಹಣವೂ ದಿನದ ಲೆಕ್ಕಕ್ಕೆ ಹಿಡಿದರೆ ಹಿಂದಿನ ವರ್ಷ ತೆತ್ತದ್ದಕ್ಕಿಂತ ಬಹಳ ಕಡಿಮೆ.

ಮೇಳದಲ್ಲಿ ಚಿಣ್ಣರ ಸಂತೆ ಎಂಬುದೊಂದಿದೆ. ಮಕ್ಕಳೇ ವ್ಯಾಪಾರಿಗಳಾಗಿ ಕೂರುತ್ತಾರೆ. ಮಗಳ ಗುಂಪು ಪಾನಕ ಮಾರಿತು. ಗೆಳತಿಯರಿಗೆ ಪುಕ್ಕಟೆ ಕುಡಿಸಿ ಇಪ್ಪತ್ತು ರೂಪಾಯಿ ಕೈಬಿಟ್ಟಿತ್ತು. ಬೆಲ್ಲಕ್ಕೆ ಎಷ್ಟು, ನಿಂಬೆಹಣ್ಣಿಗೆ ಎಷ್ಟು ಎಂದು ರಾತ್ರಿ ನಮ್ಮ ಮುಂದೆ ಕೂತು ಲೆಕ್ಕ ಒಪ್ಪಿಸಿದಳು. ಕೊನೆಗೆ ನಾಟಕ. ಅವಳಿಗೆ ಸಿಕ್ಕದ್ದು ಎರಡೇ ಮಾತು, ಉಳಿದಂತೆ ಹಾಡುವ ಗುಂಪಿನಲ್ಲಿ ಜಾಗ. ಆದರೆ ನಾಟಕದ ಎಲ್ಲರ ಮಾತೂ ಎಲ್ಲ ಹಾಡೂ ಅವಳಿಗೆ ಬಾಯಿಪಾಠವಾಗಿದ್ದವು. ಮುಖ್ಯ ಪಾತ್ರದ ಹುಡುಗ ತಾಲೀಮಿಗೆ ಬಾರದ ದಿನ ಅವನ ಮಾತುಗಳನ್ನು ಇವಳೇ ಹೇಳಿದಳಂತೆ. ಇದನ್ನು ನಮಗೆ ಹೇಳಿದ್ದು ಇವಳಲ್ಲ, ಬೇರೊಂದು ಮಗುವಿನ ತಾಯಿ.

ಖಾಸಗಿ ಶಿಬಿರಕ್ಕೂ ಇದಕ್ಕೂ ನಾನು ಕಂಡ ದೊಡ್ಡ ವ್ಯತ್ಯಾಸ ಕಾಲದ್ದು. ಇಲ್ಲಿ ಮಕ್ಕಳು ಒಂದೇ ನಾಟಕದ ಹಿಂದೆ ಹಲವು ವಾರ ಬೀಳುತ್ತಾರೆ. ಬೇಸರ ಬರುತ್ತದೆ, ಜಗಳವಾಗುತ್ತದೆ, ಯಾರೋ ಅಳುತ್ತಾರೆ, ಮರುದಿನ ಮತ್ತೆ ಅದೇ ದೃಶ್ಯ. ಮಗುವಿಗೆ ಬೇಸರವೇ ಆಗದಂತೆ ಹೊಸ ಹೊಸ ಚಟುವಟಿಕೆ ತುಂಬುವವರು ಮಗುವಿನಿಂದ ಈ ದಾಟುವಿಕೆಯನ್ನೇ ಕಸಿದುಕೊಳ್ಳುತ್ತಾರೆ ಎಂದು ನನಗೆ ಅನ್ನಿಸಿದೆ. ಇನ್ನೊಂದು ವ್ಯತ್ಯಾಸ ಸಹವಾಸದ್ದು. ನಮ್ಮ ಬಡಾವಣೆಯ ಶಿಬಿರದಲ್ಲಿ ಬಹುತೇಕ ಒಂದೇ ಬಗೆಯ ಮನೆಗಳ ಮಕ್ಕಳು. ಮೇಳದಲ್ಲಿ ಸರ್ಕಾರಿ ಶಾಲೆಯ, ಕಾನ್ವೆಂಟಿನ, ಬೇರೆ ಬೇರೆ ಬೀದಿಗಳ ಮಕ್ಕಳು ಒಂದೇ ಚಾಪೆಯ ಮೇಲೆ ಬುತ್ತಿ ಬಿಚ್ಚುತ್ತಿದ್ದರು.

ಅದೇ ಬೇಸಿಗೆಯಲ್ಲಿ ಏಳು ವರ್ಷದ ಮಗನಿಗೆ ಈಜು. ನಗರದ ಒಂದು ಕೊಳದಲ್ಲಿ 21 ದಿನ, ದಿನಕ್ಕೆ ಮುಕ್ಕಾಲು ಗಂಟೆ. ಇದರ ಬಗ್ಗೆ ಹೇಳುವುದು ಕಡಿಮೆ, ಏಕೆಂದರೆ ಅದು ಕೊಡುವುದು ಒಂದನ್ನೇ, ಅದನ್ನು ಪೂರ್ತಿ ಕೊಡುತ್ತದೆ. ಮೊದಲ ಆರು ದಿನ ಮುಖವನ್ನು ನೀರಿನೊಳಗೆ ಅದ್ದಿ ಗುಳುಗುಳು ಉಸಿರು ಬಿಡುವುದು, ಕಟ್ಟೆ ಹಿಡಿದು ಕಾಲು ಬಡಿಯುವುದು, ಇಷ್ಟೇ. ಹದಿನೇಳನೆಯ ದಿನ ಕೊಳದ ಅಗಲವನ್ನು ಒಬ್ಬನೇ ದಾಟಿದ. ಮೇಲೆ ಬಂದವನಿಗೆ ಯಾರೂ ಪ್ರಶಸ್ತಿಪತ್ರ ಕೊಡಬೇಕಾಗಿರಲಿಲ್ಲ. ಮೂರನೆಯ ವಾರ ಕಿವಿನೋವು ಬಂತು, ಎರಡು ದಿನ ತಪ್ಪಿತು. ಆಮೇಲೆ ಪ್ರತಿದಿನ ತಲೆ ವಾಲಿಸಿ ಕಿವಿಯ ನೀರು ಇಳಿಸಿ ಒರೆಸುವುದನ್ನು ರೂಢಿ ಮಾಡಿಕೊಂಡೆವು. ಬಿಸಿಲೇರಿದ ಮೇಲಿನ ತಂಡಕ್ಕಿಂತ ಬೆಳಗಿನ ಮೊದಲ ತಂಡದಲ್ಲಿ ಮಕ್ಕಳು ಕಡಿಮೆ, ನೀರು ತಿಳಿ, ಕಲಿಸುವವರ ಕಣ್ಣು ಪ್ರತಿ ಮಗುವಿನ ಮೇಲೂ ಇರುತ್ತದೆ. ಎಷ್ಟೇ ನಿದ್ದೆಗೇಡಾದರೂ ಆ ತಂಡವನ್ನೇ ಆರಿಸಿಕೊಳ್ಳಿ.

ಒಂದು ಮಾತನ್ನು ಒತ್ತಿ ಹೇಳಬೇಕು. ಪ್ರತಿ ಬೇಸಿಗೆಯಲ್ಲೂ ಕೆರೆಯಲ್ಲಿ, ನಾಲೆಯಲ್ಲಿ, ಹೊಳೆಯ ಮಡುವಿನಲ್ಲಿ ಮಕ್ಕಳು ಮುಳುಗಿದ ಸುದ್ದಿ ಓದುತ್ತೇವೆ. ಈಜು ಬರುವುದು ಸಂಗೀತ, ಚಿತ್ರಕಲೆಗಳ ಪಟ್ಟಿಯಲ್ಲಿ ಸೇರಬೇಕಾದ ಹವ್ಯಾಸವಲ್ಲ. ಹಾಗೆಂದು 21 ದಿನ ಕಲಿತ ಮಗುವನ್ನು ಹೊಳೆಗೆ ಬಿಡಬೇಡಿ. ಕೊಳದಲ್ಲಿ ತಳ ಕಾಣುತ್ತದೆ, ನೀರು ನಿಂತಿರುತ್ತದೆ. ಹರಿಯುವ ನೀರಿಗೆ ಸೆಳೆತವಿದೆ, ತಳದಲ್ಲಿ ಕೆಸರಿದೆ. ಅರ್ಧ ಕಲಿತ ಧೈರ್ಯವೇ ಅಪಾಯ. ಇದನ್ನು ಮಗನಿಗೆ ನಾಲೆಯ ಏರಿಯ ಮೇಲೆ ನಿಲ್ಲಿಸಿ, ಎಲೆಯೊಂದನ್ನು ನೀರಿಗೆ ಬಿಟ್ಟು ಅದು ಹೋಗುವ ವೇಗ ತೋರಿಸಿ ಹೇಳಿದ್ದೇವೆ.

ಮೂರನೆಯ ಬೇಸಿಗೆಯದು ನಾವು ಯೋಜಿಸಿದ್ದಲ್ಲ. ತಿಪಟೂರು ತಾಲ್ಲೂಕಿನ ನನ್ನ ತವರಿಗೆ ಮಕ್ಕಳನ್ನು ಎರಡು ವಾರ ಬಿಟ್ಟು ಬಂದೆವು. ಅಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಮಕ್ಕಳಿಗೆ ಬೇಸಿಗೆ ಶಿಬಿರ ನಡೆಯುತ್ತಿದೆ ಎಂದು ಅಮ್ಮ ಹೋಗಿ ಹೆಸರು ಬರೆಸಿದರು. ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಇಂಥ ಗ್ರಂಥಾಲಯಗಳಿವೆ. ಈಗ ಅವುಗಳಿಗೆ ಅರಿವು ಕೇಂದ್ರ ಎಂಬ ಹೆಸರು. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದ ಮೂಲಕ ಶಾಲಾ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಂಡರು. ಶಿಬಿರಕ್ಕೂ ಶುಲ್ಕವಿಲ್ಲ. ಬೆಳಿಗ್ಗೆ ಎರಡೂವರೆ ಗಂಟೆ, ಇಪ್ಪತ್ತೈದು ಮಕ್ಕಳು, ಒಬ್ಬ ಮೇಲ್ವಿಚಾರಕಿ.

ಮೊದಲ ದಿನ ಮಗ ಅತ್ತುಕೊಂಡು ಮನೆಗೆ ಬಂದನಂತೆ. ಕಥೆಯ ಪುಸ್ತಕವನ್ನು ಸರದಿಯಂತೆ ಗಟ್ಟಿಯಾಗಿ ಓದುವುದಿತ್ತು. ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಓದುವ ಇವನು 'ಶ್ರೇಷ್ಠ', 'ಸ್ವಾತಂತ್ರ್ಯ'ದಂಥ ಒತ್ತಕ್ಷರ ಬಂದಲ್ಲೆಲ್ಲ ಎಡವಿದ. ಫೋನಿನಲ್ಲಿ ಅದನ್ನು ಕೇಳಿದಾಗ ನನಗಾದ ಸಂಕಟವನ್ನು ಇಲ್ಲಿ ಬರೆಯಲಾರೆ. ಮನೆಮಾತನ್ನು ಓದಲು ಬಾರದಂತೆ ಮಗುವನ್ನು ಬೆಳೆಸಿದ್ದು ನಾವೇ. ಮೇಲ್ವಿಚಾರಕಿ ಅವನನ್ನು ಐದನೆಯ ತರಗತಿಯ ಹುಡುಗನೊಬ್ಬನ ಜೊತೆ ಕೂರಿಸಿದರು. ಆ ಹುಡುಗ ಬೆರಳಿಟ್ಟು ಓದಿಸಿದ, ಓದು ಮುಗಿದ ಮೇಲೆ ಚೆಸ್ ಹೇಳಿಕೊಟ್ಟ. ಹತ್ತನೆಯ ದಿನ ಮಗ ಫೋನಿನಲ್ಲಿ ಇಡೀ ಒಂದು ಕಥೆಯನ್ನು ನನಗೆ ಓದಿ ಹೇಳಿದ. ನಾನು ಕಚೇರಿಯ ಮೆಟ್ಟಿಲ ಮೇಲೆ ಕೂತು ಕೊನೆಯವರೆಗೂ ಕೇಳಿದೆ.

ಮಗಳಿಗೆ ಒಪ್ಪಿಸಿದ ಕೆಲಸ ಬೇರೆ. ಊರಿನ ಹಿರಿಯರನ್ನು ಮಾತನಾಡಿಸಿ ತೆಂಗಿಗೆ ಸಂಬಂಧಿಸಿದ ಪದಗಳನ್ನು ಬರೆದುಕೊಂಡು ಬರಬೇಕು. ಹೊಂಬಾಳೆ, ಗರಿ, ಸೋಗೆ, ಮಟ್ಟೆ, ಕರಟ, ಚಿಪ್ಪು, ಎಳನೀರು, ಕೊಬ್ಬರಿ ಎಂದು ಶುರುವಾದ ಪಟ್ಟಿ ನೋಟುಪುಸ್ತಕದ ಮೂರು ಪುಟ ಹಿಡಿಯಿತು. ವರ್ಷದ ಹತ್ತಿರ ಅಟ್ಟದಲ್ಲಿ ಒಣಗಿದ ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಗಿಟುಕು, ಅಂದರೆ ಇಡಿಯಾಗಿ ಒಣಗಿದ ಕೊಬ್ಬರಿ, ಚಿಪ್ಪಿನಿಂದ ಬಿಟ್ಟಿದೆಯೇ ಇಲ್ಲವೇ ಎಂದು ಸದ್ದಿನಿಂದಲೇ ಹೇಳುವುದನ್ನು ಪಕ್ಕದ ಮನೆಯ ಅಜ್ಜನಿಂದ ಕಲಿತು ಬಂದಳು. ಅಪರಿಚಿತರ ಜಗುಲಿಗೆ ಹೋಗಿ ಕೂತು ಪ್ರಶ್ನೆ ಕೇಳುವಷ್ಟು ಧೈರ್ಯ ಈ ಹುಡುಗಿಗೆ ಬಂದದ್ದು ಹಿಂದಿನ ವರ್ಷದ ನಾಟಕದಿಂದ ಎಂದು ನಾನು ಬಲವಾಗಿ ನಂಬಿದ್ದೇನೆ. ಆ ನೋಟುಪುಸ್ತಕವನ್ನು ಅಜ್ಜಿಗೆ ಕೊಟ್ಟು ಬಂದಿದ್ದಾಳೆ.

ಮಧ್ಯಾಹ್ನದ ಮೇಲೆ ಚೌಕಾಬಾರ, ಅಳಗುಳಿಮಣೆ. ಬಿಸಿಲು ತಗ್ಗಿದರೆ ಲಗೋರಿ. ಅದಕ್ಕೆ ಶಿಬಿರವೆಂಬ ಹೆಸರಿಲ್ಲ, ಆದರೂ ಅದೇ ದಿನದ ದೊಡ್ಡ ಪಾಲು.

ಆದರೆ ಉಚಿತ ಎಂದು ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ. ಎಪ್ಪತ್ತು ದಾಟಿದ ನನ್ನ ಅಮ್ಮ ಮಂಡಿನೋವಿನಲ್ಲೇ ದಿನಕ್ಕೆ ಮೂರು ಹೊತ್ತು ಇಬ್ಬರು ಹಸಿದ ಮಕ್ಕಳಿಗೆ ಬೇಯಿಸಿ ಹಾಕಿದರು. ಅಜ್ಜಿಮನೆಯ ರಜೆಯನ್ನು ಹಾಡಿ ಹೊಗಳುವಾಗ ಅಜ್ಜಿಯ ದುಡಿಮೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎರಡನೆಯ ವಾರದಿಂದ ಅಡುಗೆಗೆ, ಪಾತ್ರೆಗೆ ಒಬ್ಬರನ್ನು ಗೊತ್ತು ಮಾಡಿ ಅವರ ಸಂಬಳ ನಾವು ಕೊಟ್ಟೆವು. ಮೊದಲ ದಿನದಿಂದಲೇ ಮಾಡಬೇಕಿತ್ತು. ಹಳ್ಳಿಯಲ್ಲಿ ಮನೆಯೇ ಇಲ್ಲದವರಿಗೆ ಈ ದಾರಿ ತೆರೆದಿಲ್ಲ ಎಂಬುದೂ ನನಗೆ ಗೊತ್ತು.

ಯಾವುದು ಮೇಲು ಎಂದು ನನ್ನನ್ನು ಕೇಳುವವರಿಗೆ ನಾನು ಹೀಗೆ ಹೇಳುತ್ತಿದ್ದೇನೆ. ಮಗುವಿಗೆ ಎಂಟು ಒಂಬತ್ತು ದಾಟಿದ್ದರೆ, ಅದರಲ್ಲೂ ಮಾತು ಕಡಿಮೆಯಾಗಿದ್ದರೆ, ರಂಗಶಿಬಿರಕ್ಕೆ ಸಮನಾದದ್ದು ಬೇರೆ ಇಲ್ಲ. ಮೈಸೂರಿನಲ್ಲಿ ಚಿಣ್ಣರ ಮೇಳವಿದೆ, ನಿಮ್ಮ ಊರಿನ ಹವ್ಯಾಸಿ ತಂಡಗಳನ್ನೂ ವಿಚಾರಿಸಿ. ಅದಕ್ಕಿಂತ ಚಿಕ್ಕ ಮಗುವಾದರೆ ಈಜು, ಮತ್ತು ಸಾಧ್ಯವಿದ್ದರೆ ಹಳ್ಳಿ. ಬೇರೆ ದಾರಿಯೇ ಇಲ್ಲದೆ ಹತ್ತಿರದ ಖಾಸಗಿ ಶಿಬಿರಕ್ಕೆ ಸೇರಿಸುವ ತಂದೆತಾಯಂದಿರು ತಪ್ಪಿತಸ್ಥರಂತೆ ಕೊರಗಬೇಕಾಗಿಲ್ಲ, ಅಲ್ಲಿ ಒಳ್ಳೆಯವೂ ಇರುತ್ತವೆ. ಆದರೆ ಹಣ ಕಟ್ಟುವ ಮೊದಲು ಕೇಳಿ: ಎಷ್ಟು ಮಕ್ಕಳಿಗೆ ಎಷ್ಟು ಮಂದಿ ದೊಡ್ಡವರು, ಮಗು ಬಿದ್ದರೆ ಎಷ್ಟು ನಿಮಿಷದಲ್ಲಿ ನಮಗೆ ಫೋನ್ ಬರುತ್ತದೆ, ಆರು ವರ್ಷದವರನ್ನೂ ಹನ್ನೆರಡು ವರ್ಷದವರನ್ನೂ ಒಟ್ಟಿಗೆ ಕೂರಿಸುತ್ತೀರಾ. ಚಟುವಟಿಕೆಗಳ ಪಟ್ಟಿ ಉದ್ದವಿದ್ದಷ್ಟೂ ಎಚ್ಚರವಹಿಸಿ.

ಮಗನಿಗೆ ಈಗ ಒಂಬತ್ತು. ಈ ಸಲ ಇಬ್ಬರ ಹೆಸರನ್ನೂ ಮೇಳಕ್ಕೆ ಕೊಡಬೇಕೆಂದಿದ್ದೇವೆ; ಸಿಕ್ಕರೆ ಮುಖವಾಡಕ್ಕೆಂದು ಮಗಳು ಜನವರಿಯಿಂದಲೇ ಹಳೆಯ ಪತ್ರಿಕೆಗಳನ್ನು ರದ್ದಿಗೆ ಹಾಕಲು ಬಿಡುತ್ತಿಲ್ಲ. ಮೇಳ ಮುಗಿದ ಮೇಲೆ ಉಳಿಯುವ ದಿನಗಳಿಗೆ ತಿಪಟೂರು. ಅಲ್ಲಿನ ಚೆಸ್ ಗೆಳೆಯನಿಗೆ ಮಗ ಪತ್ರ ಬರೆದಿದ್ದಾನೆ, ಕನ್ನಡದಲ್ಲಿ, ಒತ್ತಕ್ಷರಗಳಲ್ಲಿ ಎರಡು ತಪ್ಪಿವೆ. ನಾನು ತಿದ್ದದೆ ಹಾಗೆಯೇ ಅಂಚೆಗೆ ಹಾಕಿದೆ.