ಎಲ್‌ಸಿಆರ್-ಟಿ4 ಟೆಸ್ಟರ್: ಕೆಪಾಸಿಟರ್‌ಗೆ ಸೈ, ಸಣ್ಣ ಕಾಯಿಲ್‌ಗೆ ಸಾಲದು

ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ಗುರುತಿಸಿ ಅಳೆಯುವ, ಎಲ್‌ಸಿಆರ್-ಟಿ4, ಜಿಎಂ328 ಅಂತ ಸಿಗುವ ಪುಟ್ಟ ಟೆಸ್ಟರ್‌ಗಳು ಒಂದೇ ಕುಲದವು. ಒಳಗೆ ಎಟಿಮೆಗಾ328 ಚಿಪ್, ಕೆಲವು 680 ಓಮ್ ಮತ್ತು 470 ಕಿಲೋಓಮ್ ರೆಸಿಸ್ಟರ್‌ಗಳು, 9 ವೋಲ್ಟ್ ಬ್ಯಾಟರಿ. ಮಾರ್ಕುಸ್ ಫ್ರೇಯೆಕ್ ಆರಂಭಿಸಿ ಕಾರ್ಲ್-ಹೈನ್ಜ್ ಕ್ಯೂಬೆಲರ್ ಬೆಳೆಸಿದ ಮುಕ್ತ ವಿನ್ಯಾಸವೇ ಇವಕ್ಕೆಲ್ಲ ಮೂಲ. ಅಕ್ಷರ ಅಳಿಸಿಹೋದ ಕೆಪಾಸಿಟರ್ ಗುರುತಿಸಲು ಇದಕ್ಕಿಂತ ಸುಲಭದ ಸಾಧನ ಕಡಿಮೆ. ಕಾಯಿಲ್ (ತಂತಿ ಸುರುಳಿ, ಅಂದರೆ ಇಂಡಕ್ಟರ್) ಅಳೆಯುವುದಾದರೆ ಮಾತ್ರ ಮಿತಿ ತಿಳಿದೇ ಬಳಸಬೇಕು.

ಮೊದಲು ಕ್ಯಾಲಿಬ್ರೇಷನ್. ಮೂರೂ ಪಿನ್‌ಗಳನ್ನು ಶಾರ್ಟ್ ಮಾಡಿ ಬಟನ್ ಒತ್ತಿ, ಪರದೆ ಕೇಳಿದಾಗ ಶಾರ್ಟ್ ತೆಗೆಯಿರಿ. 1 ಮತ್ತು 3ನೇ ಪಿನ್ ನಡುವೆ ಕೆಪಾಸಿಟರ್ ಹಾಕಲು ಹೇಳಿದರೆ 220 ನ್ಯಾನೋಫ್ಯಾರಡ್‌ನ ಒಳ್ಳೆಯ ಫಿಲ್ಮ್ ಕೆಪಾಸಿಟರ್ ಸಾಕು. ಉದ್ದನೆಯ ಕ್ಲಿಪ್ ವೈರ್ ಬಳಸುವವರು ಆ ವೈರ್ ಸಮೇತವೇ ಇದನ್ನು ಮಾಡಬೇಕು. ಇಲ್ಲದಿದ್ದರೆ ವೈರಿನ ಪಿಕೋಫ್ಯಾರಡ್‌ಗಳೂ ಲೆಕ್ಕಕ್ಕೆ ಸೇರಿಕೊಳ್ಳುತ್ತವೆ.

ಕೆಪಾಸಿಟರನ್ನು ಬೋರ್ಡಿನಿಂದ ಬಿಚ್ಚಿ, ರೆಸಿಸ್ಟರ್ ಮೂಲಕ ಡಿಸ್ಚಾರ್ಜ್ ಮಾಡಿಯೇ ಸಾಕೆಟ್ಟಿಗೆ ಹಾಕಿ. ಚಾರ್ಜ್ ಉಳಿದಿದ್ದರೆ ಚಿಪ್ಪಿನ ಪೋರ್ಟ್ ಸುಟ್ಟುಹೋಗುತ್ತದೆ. ಇಂಥ ಟೆಸ್ಟರ್‌ಗಳು ಹೆಚ್ಚಾಗಿ ಸಾಯುವುದೇ ಹೀಗೆ. ಸುಮಾರು 25 ಪಿಕೋಫ್ಯಾರಡ್‌ಗಿಂತ ಕೆಳಗಿನದು ಇದರ ಕಣ್ಣಿಗೆ ಬೀಳದು. ಅಂಥದ್ದಕ್ಕೆ ಮೊದಲೇ ಅಳೆದಿಟ್ಟ 100 ಪಿಕೋಫ್ಯಾರಡ್ ಕೆಪಾಸಿಟರನ್ನು ಪ್ಯಾರಲಲ್ ಹಾಕಿ, ಬಂದದ್ದರಲ್ಲಿ ಅದನ್ನು ಕಳೆಯಿರಿ. ಎಲೆಕ್ಟ್ರೊಲಿಟಿಕ್‌ಗಳಲ್ಲಿ ಮೈಕ್ರೋಫ್ಯಾರಡ್ ಒಂದನ್ನೇ ನೋಡಿ ಸುಮ್ಮನಾಗಬೇಡಿ. ಲೀಕ್ ಆಗುತ್ತಿರುವ ಕೆಪಾಸಿಟರ್ ಚಾರ್ಜ್ ಆಗಲು ಹೆಚ್ಚು ಹೊತ್ತು ತೆಗೆದುಕೊಳ್ಳುವುದರಿಂದ ಇರುವುದಕ್ಕಿಂತ ದೊಡ್ಡದಾಗಿ ಕಾಣಬಹುದು. ಜೊತೆಗೆ ಬರುವ ಇಎಸ್‌ಆರ್ (ಕೆಪಾಸಿಟರಿನ ಒಳಗಿನ ರೆಸಿಸ್ಟೆನ್ಸ್) ಮತ್ತು ವಿ-ಲಾಸ್ (ಚಾರ್ಜ್ ಮಾಡಿದ ಮೇಲೆ ವೋಲ್ಟೇಜ್ ಎಷ್ಟು ಇಳಿಯಿತು ಎಂಬುದು) ಅಂಕಿಗಳೇ ಅದರ ನಿಜಸ್ಥಿತಿ ಹೇಳುತ್ತವೆ.

ಇನ್ನು ಕಾಯಿಲ್. ಕರೆಂಟ್ ಏರಲು ಹಿಡಿಯುವ ಸಮಯದಿಂದ ಟೆಸ್ಟರ್ ಇಂಡಕ್ಟೆನ್ಸ್ ಲೆಕ್ಕ ಹಾಕುತ್ತದೆ. ಅದರ ಅತಿ ಸಣ್ಣ ಹೆಜ್ಜೆ 0.01 ಮಿಲಿಹೆನ್ರಿ, ಅಂದರೆ 10 ಮೈಕ್ರೋಹೆನ್ರಿ. ಹಾಗಾಗಿ 15 ಮೈಕ್ರೋಹೆನ್ರಿ ಚೋಕ್ (ಇದೂ ಒಂದು ಕಾಯಿಲೇ) 0.01 ಎಂದೋ 0.02 ಎಂದೋ ಬರುತ್ತದೆ, ಇಲ್ಲವೇ ಬರೀ ರೆಸಿಸ್ಟರ್ ಎಂದು ತೋರುತ್ತದೆ. ಕಾಯಿಲ್ ರೆಸಿಸ್ಟೆನ್ಸ್ 2.1 ಕಿಲೋಓಮ್ ದಾಟಿದರೆ ಇಂಡಕ್ಟೆನ್ಸ್ ಅಳೆಯುವ ಗೋಜಿಗೇ ಹೋಗುವುದಿಲ್ಲ. 1 ಮಿಲಿಹೆನ್ರಿಯಿಂದ ಮೇಲೆ ಪರವಾಗಿಲ್ಲ. 100 ಮೈಕ್ರೋಹೆನ್ರಿಗಿಂತ ಕೆಳಗೆ ಆ ಅಂಕಿಯನ್ನು ನೆಚ್ಚಿಕೊಳ್ಳಬೇಡಿ.

ಅಲ್ಲಿ ಹಳೆಯ ರೆಸೊನೆನ್ಸ್ ವಿಧಾನವೇ ಗಟ್ಟಿ, ಸಿಗ್ನಲ್ ಜನರೇಟರ್ ಮತ್ತು ಸ್ಕೋಪ್ ಇದ್ದರೆ ಸಾಕು. ಜನರೇಟರಿನಿಂದ 10 ಕಿಲೋಓಮ್ ರೆಸಿಸ್ಟರ್ ಮೂಲಕ ಸೈನ್ ವೇವ್ ಕೊಡಿ. ರೆಸಿಸ್ಟರಿನ ಇನ್ನೊಂದು ತುದಿಯಿಂದ ಗ್ರೌಂಡಿಗೆ ಕಾಯಿಲ್ ಮತ್ತು 10 ನ್ಯಾನೋಫ್ಯಾರಡ್ ಕೆಪಾಸಿಟರನ್ನು ಪ್ಯಾರಲಲ್ ಆಗಿ ಹಾಕಿ, ಅವೆರಡರ ಮೇಲೆ 10ಎಕ್ಸ್ ಪ್ರೋಬ್ ಇಡಿ. ಫ್ರೀಕ್ವೆನ್ಸಿ ಏರಿಸುತ್ತ ಹೋಗಿ. ಅಲೆ ಅತಿ ಎತ್ತರಕ್ಕೆ ಬಂದ ಜಾಗವೇ ರೆಸೊನೆನ್ಸ್. 159 ಕಿಲೋಹರ್ಟ್ಸ್‌ನಲ್ಲಿ ಬಂದರೆ 100 ಮೈಕ್ರೋಹೆನ್ರಿ, 503ರಲ್ಲಿ ಬಂದರೆ 10. ಫ್ರೀಕ್ವೆನ್ಸಿ ಓದುವುದರಲ್ಲಿ ಶೇಕಡಾ 1 ತಪ್ಪಿದರೆ ಉತ್ತರದಲ್ಲಿ ಸುಮಾರು ಶೇಕಡಾ 2 ತಪ್ಪುತ್ತದೆ. ಕೆಪಾಸಿಟರಿನ ತಪ್ಪು ಹಾಗೇ ಉತ್ತರಕ್ಕೆ ಬರುತ್ತದೆ, ಆದ್ದರಿಂದ ಬೆಲೆ ಬದಲಾಗದ ಸಿ0ಜಿ ಸೆರಾಮಿಕ್ ಅಥವಾ ಪಾಲಿಪ್ರೊಪಿಲೀನ್ ಫಿಲ್ಮ್ ಬಿಟ್ಟು ಬೇರೆ ಬಳಸಬೇಡಿ. ಎಕ್ಸ್7ಆರ್ ಸೆರಾಮಿಕ್ ಶಾಖಕ್ಕೂ ವೋಲ್ಟೇಜಿಗೂ ಬದಲಾಗುತ್ತದೆ. ಕೆಪಾಸಿಟರನ್ನು ತೀರಾ ಚಿಕ್ಕದು ಮಾಡಿದರೆ ಪ್ರೋಬಿನ ಹತ್ತು-ಹದಿನೈದು ಪಿಕೋಫ್ಯಾರಡ್, ಸುರುಳಿಯ ಸ್ವಂತ ಕೆಪಾಸಿಟೆನ್ಸ್ ಎರಡೂ ಲೆಕ್ಕ ಕೆಡಿಸುತ್ತವೆ.

ದಿನವೂ ಕಾಯಿಲ್ ಸುತ್ತುವವರು 100 ಕಿಲೋಹರ್ಟ್ಸ್‌ವರೆಗೂ ಅಳೆಯುವ ಡಿಇ-5000 ತರಹದ ಕೈಮೀಟರ್ ಇಟ್ಟುಕೊಳ್ಳುವುದೇ ಸರಿ. ರಿಪೇರಿ ಮೇಜಿಗೆ ಟಿ4 ಸಾಕು. ಎಸ್‌ಎಂಪಿಎಸ್ (ಸ್ವಿಚಿಂಗ್ ಪವರ್ ಸಪ್ಲೈ) ಚೋಕ್ ಮಾತ್ರ ಬೇರೆ ಪ್ರಶ್ನೆ: ಅದರ ಕೋರ್ ಎಷ್ಟು ಆಂಪಿಯರ್‌ಗೆ ಸ್ಯಾಚುರೇಟ್ ಆಗುತ್ತದೆ, ಅಂದರೆ ಇನ್ನಷ್ಟು ಕಾಂತತ್ವ ಹಿಡಿಯಲಾರದೆ ಇಂಡಕ್ಟೆನ್ಸ್ ಕುಸಿಯುತ್ತದೆ ಎಂಬುದು ಟಿ4, ರೆಸೊನೆನ್ಸ್, ಕೈಮೀಟರ್ ಈ ಮೂರರಲ್ಲಿ ಯಾವುದರಿಂದಲೂ ತಿಳಿಯದು, ಏಕೆಂದರೆ ಇವೆಲ್ಲ ಅಳೆಯುವುದು ಅತಿ ಸಣ್ಣ ಕರೆಂಟಿನಲ್ಲಿ.